ಲೂರ್ಡ್ಸ್ ಬಾಯಿ ಮತ್ತು ಕೊಚ್ಚೆ ಬ್ಯಾಂಡು

ಫಳ್ನೀರಿನ ಲೂರ್ಡ್ಸ್ ಬಾಯಿಗೆ ಬಂಗುಡೆ ಮಾರಿ ಬಂದ ಮೀನಿನ ಹೆಂಗಸು ಆ ದಿನ ಮತ್ತೆ ಯಾರಿಗೂ ಹೆದರುವುದಿಲ್ಲ. ಲೂರ್ಡ್ಸ್ ಬಾಯಿ ಮೀನಿನ ಕಿವಿರು ಎತ್ತಿ ನೋಡುತ್ತಾಳೆ, ಹೊಟ್ಟೆ ಅದುಮಿ ನೋಡುತ್ತಾಳೆ, ಒಳ್ಳೆಯದನ್ನು ಬುಟ್ಟಿಯ ಅಡಿಯಲ್ಲಿ ಅಡಗಿಸಿಟ್ಟಿದ್ದಾಳೋ ಎಂದು ಕೈ ಹಾಕಿ ನೋಡುತ್ತಾಳೆ. ಇಷ್ಟೆಲ್ಲ ಆದ ಮೇಲೆ "ಇವತ್ತಿನದ್ದಾ?" ಎಂಬ ಪ್ರಶ್ನೆ. ಹೌದೆಂದರೆ ಸುಳ್ಳುಗಾತಿ. ಅಲ್ಲವೆಂದರೆ ಇನ್ನೂ ದೊಡ್ಡ ಸುಳ್ಳುಗಾತಿ, ಏಕೆಂದರೆ ನಿನ್ನೆಯದ್ದೆಂದು ಒಪ್ಪಿಕೊಳ್ಳುವವಳ ಮೀನು ಮೊನ್ನೆಯದ್ದೇ ಆಗಿರಬೇಕು.

ವಾಚ್‌ಮನ್, ಹಾಲಿನವನು, ಗ್ಯಾಸ್ ತರುವವನು, ಎಲ್ಲರೂ ಈ ನೋಟದ ಕೆಳಗೆ ಹಾದು ಹೋದವರೇ. ಯಾರಿಗೂ ಅವಳ ಮೇಲೆ ಅಂಥ ಕೋಪವಿಲ್ಲ. ನರ್ಸಿಂಗ್ ಕಲಿಯುವ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ತಲೆಕೂದಲು ಬೆಳ್ಳಗೆ ಮಾಡಿಕೊಂಡವಳು. ಅಜ್ಜಿ ತೀರಿಕೊಂಡರೆಂದು ರಜೆ ಕೇಳಿದ ಹುಡುಗಿಯ ಅಜ್ಜಿಗೇ ಫೋನ್ ಮಾಡಿ ಮಾತಾಡಿದವಳು. ನಿವೃತ್ತಿಯಾದ ಮೇಲೆ ಒಂದು ಇಡೀ ಹಾಸ್ಟೆಲಿಗೆ ಸಾಕಾಗುತ್ತಿದ್ದ ಸಂಶಯ ಎರಡು ಕೋಣೆಯ ಫ್ಲ್ಯಾಟಿನೊಳಗೆ ಬಂದು ಕೂತಿತು. ಜಾಗ ಸಾಲಲಿಲ್ಲ.

ಇದನ್ನು ಅವಳ ಹುಟ್ಟುಗುಣ ಎಂದರೆ ಅನ್ಯಾಯವಾಗುತ್ತದೆ. ಪ್ರಾಯದಲ್ಲಿ ಅವಳಿಗೂ ಒಂದು ಮದುವೆಯಾಗಿತ್ತು. ಹುಡುಗ ಎಡ್ವಿನ್, ಬಹರೈನಿನಲ್ಲಿ ಕೆಲಸ, ನೋಡಲಿಕ್ಕೆ ಚಂದ. ಅವರ ಕ್ರೈಸ್ತ ಸಮಾಜದಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯ ಹೊತ್ತಿಗೆ ಪಾದ್ರಿಗಳು ಗಂಡು ಹೆಣ್ಣಿನ ಹೆಸರು ಓದುತ್ತಾರೆ. ಈ ಮದುವೆಗೆ ಅಡ್ಡಿಯೇನಾದರೂ ಇರುವುದು ಯಾರಿಗಾದರೂ ಗೊತ್ತಿದ್ದರೆ ಬಂದು ತಿಳಿಸಬೇಕು, ಅದು ಕರ್ತವ್ಯ. ಚೀಟಿ ಓದುವುದು ಎನ್ನುತ್ತಾರೆ ಅದಕ್ಕೆ. ಲೂರ್ಡ್ಸಿನ ಮೂರೂ ಚೀಟಿ ಓದಿದರು. ಚರ್ಚಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮದುವೆಯಾಗಿ ವರ್ಷ ತುಂಬುವುದರೊಳಗೆ ಎಡ್ವಿನ್‌ಗೆ ಬಹರೈನಿನಲ್ಲಿ ಮೊದಲೇ ಒಬ್ಬಳು ಹೆಂಡತಿ, ಒಂದು ಮಗು ಇರುವುದು ಹೊರಬಿತ್ತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಗೊತ್ತಾಯಿತು. ಆ ಭಾನುವಾರಗಳಲ್ಲಿ ಬೆಂಚಿನಲ್ಲಿ ಕೂತಿದ್ದವರಲ್ಲಿ ಕೆಲವರಿಗೆ ಇದು ತಿಳಿದಿತ್ತು. "ನಮಗೆ ಯಾಕೆ ಇನ್ನೊಬ್ಬರ ಮನೆ ವಿಷಯ ಅಂತ ಸುಮ್ಮನಾದೆವು ಬಾಯಿ" ಎಂದು ಒಬ್ಬರು ಬೆನ್ನು ತಡವಿ ಹೇಳಿದ್ದರು. ಲೂರ್ಡ್ಸ್ ಎಡ್ವಿನ್‌ನನ್ನು ಮರೆತಳು. ಸುಮ್ಮನೆ ಕೂತವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಅವಳ ಪ್ರಪಂಚವೆಂದರೆ ಆನ್ಸಿ. ತಂಗಿ ಡೈಸಿ ಜ್ವರದಲ್ಲಿ ಹೋದ ಮೇಲೆ, ಡೈಸಿಯ ಗಂಡ ದೋಹಾದಲ್ಲಿ ಇನ್ನೊಂದು ಸಂಸಾರ ಕಟ್ಟಿಕೊಂಡ ಮೇಲೆ, ಮಗುವನ್ನು ಸಾಕಿದ್ದು ಈ ಮೌಶಿಯೇ, ಈ ದೊಡ್ಡಮ್ಮನೇ. ಆನ್ಸಿ ಈಗ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಸ್ವರ ಎಷ್ಟು ಮೆತ್ತಗೆಂದರೆ ಅವಳು "ಉಸಿರು ಬಿಡಿ" ಎಂದದ್ದು ಕೇಳಿಸದೆ ಕೆಲವು ಮುದುಕರು ಉಸಿರು ಕಟ್ಟಿಕೊಂಡೇ ನಿಂತಿರುತ್ತಾರೆ. ಕ್ಲಿನಿಕ್ಕಿನ ಲಿಫ್ಟು ಕೆಟ್ಟಾಗ ಅದನ್ನು ಸರಿಮಾಡಲು ಬಂದ ಮಣ್ಣಗುಡ್ಡದ ವಿಲ್ಸನ್ ಎಂಬ ಹುಡುಗ, ಆ ಮೆತ್ತಗಿನ ಸ್ವರಕ್ಕೋ ಏನೋ, ಮನಸೋತ. ಮನೆತನ ಒಳ್ಳೆಯದು, ತಾಯಿ ಟೀಚರಾಗಿದ್ದವರು. ಲೂರ್ಡ್ಸ್ ಬಾಯಿ ವಿಚಾರಿಸಬೇಕಾದಲ್ಲೆಲ್ಲ ವಿಚಾರಿಸಿದಳು. ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಅದೇ ಅವಳಿಗೆ ಸರಿಬರಲಿಲ್ಲ.

ಮೊದಲ ಚೀಟಿ ಓದಿದ ಭಾನುವಾರ ವಿಲ್ಸನ್ ಊಟಕ್ಕೆ ಬಂದ. ಇಡ್ಲಿಯಂಥ ಸಣ್ಣಾ, ಹಂದಿಮಾಂಸದ ಪಲ್ಯ, ಹುಡುಗ ಚೆನ್ನಾಗಿಯೇ ತಿಂದ. ಬಡಿಸುತ್ತಿದ್ದ ಬಾಯಿಗೆ ಅವನ ಕಿವಿಯ ಹಿಂದೆ ಒಂದು ಕಪ್ಪು ಮಸಿ ಕಂಡಿತು.

"ಎಂತ ಅದು?"

"ಗ್ರೀಸ್ ಮೌಶಿ. ಲಿಫ್ಟಿನ ಕೆಲಸ ಅಲ್ವಾ."

ಅವಳು ಕೇಳದೆಯೇ ಬಟ್ಟೆಯ ತುದಿಯಿಂದ ಒರೆಸಿ, ಅಡುಗೆಮನೆಗೆ ಹೋಗಿ ಮೂಸಿದಳು. ಗ್ರೀಸಿನ ವಾಸನೆ ಇರಲಿಲ್ಲ. ತೆಂಗಿನೆಣ್ಣೆಯಲ್ಲಿ ಕಲಸಿದ ಕಾಡಿಗೆಯ ವಾಸನೆ. ಗಂಡಸಿಗೆ ಕಾಡಿಗೆ ಎಲ್ಲಿಂದ? ಹೊರಗೆ ಬರುವಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಬೆಳಗಿತು. ಕರೆ ಮಾಡುತ್ತಿದ್ದವರ ಹೆಸರು "ಕೊಚ್ಚೆ". ವಿಲ್ಸನ್ ಗಡಿಬಿಡಿಯಲ್ಲಿ ಅದನ್ನು ಕಟ್ ಮಾಡಿದ. ಆನ್ಸಿ ತಟ್ಟೆಯಿಂದ ಮುಖ ಎತ್ತಲಿಲ್ಲ. ಅವನನ್ನು ಬೀಳ್ಕೊಡಲು ಕೆಳಗಿಳಿದಾಗ ಬಾಯಿ ಸ್ಕೂಟರನ್ನೂ ನೋಡಿದಳು. ಕಾಲಿಡುವಲ್ಲಿ ಒಣಗಿದ ಕರಿ ಕೆಸರು, ಅದರಲ್ಲಿ ಅಂಟಿಕೊಂಡ ಸಣ್ಣ ಬಸವನಹುಳು. ಯಾವ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಬಸವನಹುಳು ಉಂಟು?

ಆ ವಾರವಿಡೀ ಅವಳ ತಲೆ ಓಡಿದ ದಾರಿ ಒಂದೆರಡಲ್ಲ. ಮೊದಲು ಮರಳು ದಂಧೆ ಎಂದುಕೊಂಡಳು. ನದಿಗೆ ಇಳಿಯದೆ ಅಂಥ ಕೆಸರು ಹತ್ತುವುದಿಲ್ಲ. ಆಮೇಲೆ ಕಾಡಿಗೆ ನೆನಪಾಗಿ, ಹೆಂಗಸಿರಬೇಕು ಎಂದುಕೊಂಡಳು. ಕೊಚ್ಚೆ ಎಂಬ ಹೆಸರಿನಲ್ಲಿ ಯಾರಾದರೂ ಹೆಂಗಸಿನ ನಂಬರು ಬರೆದಿಟ್ಟುಕೊಳ್ಳುತ್ತಾರೆಯೇ? ಬಚ್ಚಿಡಬೇಕಾದವನು ಬರೆದಿಟ್ಟುಕೊಳ್ಳುತ್ತಾನೆ. ಎರಡನೆಯ ಚೀಟಿಯೂ ಓದಿಯಾಯಿತು. ಆನ್ಸಿಯನ್ನು ಕೂರಿಸಿ ಕೇಳಬಹುದಿತ್ತು. ಆದರೆ ಬೆಳಿಗ್ಗೆ ಹುಡುಗಿಯನ್ನು ಕೇಳಿದರೆ ಸಂಜೆಯೊಳಗೆ ಸಾಕ್ಷಿ ಮಾಯವಾಗುತ್ತದೆ ಎಂಬುದು ವಾರ್ಡನ್‌ಗಿರಿಯಲ್ಲಿ ಕಲಿತ ಪಾಠ. ಆದ್ದರಿಂದ ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಆನ್ಸಿ ಡ್ಯೂಟಿ ಉಂಟೆಂದು ಹೊರಟಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಬಾಯಿ ವಿಲ್ಸನ್ನನ ಲಿಫ್ಟ್ ಕಂಪೆನಿಯ ಗಲ್ಲಿಯಲ್ಲಿ ಅಹ್ಮದ್ ಬಾವನ ರಿಕ್ಷಾದೊಳಗೆ ಕೂತಿದ್ದಳು. ಬಾವ ಅವಳ ಹಾಸ್ಟೆಲಿನ ಕಾಲದ ರಿಕ್ಷಾದವನು. ಅವಳು ಸಂಶಯಪಡದ ಮನುಷ್ಯ ಊರಲ್ಲಿ ಇವನೊಬ್ಬನೇ ಇರಬೇಕು. ವಿಲ್ಸನ್ ಸ್ಕೂಟರಿನ ಮುಂದೆ ಗೋಣಿಚೀಲ ಇಟ್ಟುಕೊಂಡು ಹೊರಬಿದ್ದ.

"ಅವನ ಹಿಂದೆ ಬಿಡು."

"ನಮ್ಮ ಅಳಿಯ ಅಲ್ವಾ ಬಾಯಮ್ಮ ಅದು?"

"ಆದ ಮೇಲೆ ಅಳಿಯ. ನೀನು ಬಿಡು ಮಾರಾಯ."

ನಂತೂರಿನಲ್ಲಿ ಲಾರಿ, ಬಸ್ಸುಗಳ ಮಧ್ಯೆ ಸ್ಕೂಟರು ತಪ್ಪಿಹೋಯಿತು. ಬಾವ ಎರಡು ಟ್ಯಾಂಕರುಗಳ ನಡುವೆ ರಿಕ್ಷಾ ತೂರಿಸಿದ. ಬಾಯಿ ಕಣ್ಣು ಮುಚ್ಚಿಕೊಂಡು ಒಂದು ನಮೋ ಮರಿಯಾ ಹೇಳಿ, ಕಣ್ಣು ತೆರೆದಾಗ ಸ್ಕೂಟರು ಮತ್ತೆ ಎದುರಿಗಿತ್ತು. ಕೂಳೂರಿನ ಹತ್ತಿರ ಅದು ನದಿಯ ಬದಿಗೆ ತಿರುಗಿ, ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಹಿಂದೆ ಮರೆಯಾಯಿತು. ಬಾಯಿ ರಿಕ್ಷಾದಲ್ಲೇ ಅರ್ಧ ಗಂಟೆ ಕಾದು, ಆಮೇಲೆ ಇಳಿದು, ಸೀರೆಯನ್ನು ಮೊಣಕಾಲಿನ ತನಕ ಎತ್ತಿಕೊಂಡು, ಮುರಿದ ಗೋಡೆಯ ಸಂದಿಯಲ್ಲಿ ಇಣುಕಿದಳು.

ಕಾಂಡ್ಲಾ ಗಿಡಗಳ ನಡುವಿನ ಜೌಗಿನಲ್ಲಿ ನಾಲ್ವರು ನಿಂತಿದ್ದರು. ಮೂವರ ಮುಖಕ್ಕೆ ಸುಣ್ಣದ ಹಾಗೆ ಬಿಳಿ, ಕಣ್ಣಿನ ಸುತ್ತ ಹೆಣದ ಹಾಗೆ ಕಪ್ಪು, ಮೈಮೇಲೆ ಗೋಣಿ. ಒಬ್ಬನ ಕೈಯಲ್ಲಿ ಗಿಟಾರು, ಅದು ವಿಲ್ಸನ್. ಇನ್ನೊಬ್ಬ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಮಗುಚಿ ಹಾಕಿ ಹುಚ್ಚು ಹಿಡಿದವನಂತೆ ಬಡಿಯುತ್ತಿದ್ದ. ಉದ್ದ ಜಡೆಯ ಒಬ್ಬಳು ಮತ್ತೊಂದು ಗಿಟಾರು ಹಿಡಿದು ತಲೆ ಕೊಡವುತ್ತಿದ್ದಳು. ನಾಲ್ಕನೆಯದಕ್ಕೆ ಮುಖವೇ ಇರಲಿಲ್ಲ. ತಲೆಯಿಂದ ಸೊಂಟದ ತನಕ ಅಂತರಗಂಗೆಯ ಬೇರುಗಳು ಜೋತುಬಿದ್ದಿದ್ದವು, ಅದರೊಳಗಿಂದ ಒಂದು ಸದ್ದು ಬರುತ್ತಿತ್ತು. ನೀರು ಬರುವ ಮೊದಲು ಹಳೆಯ ನಲ್ಲಿ ಗೊರಗುಡುತ್ತದಲ್ಲ, ಹಾಗೆ. ಆದರೆ ಕಾರ್ಖಾನೆಯ ತಗಡು ಅದುರುವಷ್ಟು ಜೋರಾಗಿ. ಎದುರಿಗೆ ದೊಡ್ಡದೊಂದು ಮಣ್ಣಿನ ಕಪ್ಪೆ. ವಿಲ್ಸನ್ ಬಾಟಲಿಯಿಂದ ಅದರ ತಲೆಯ ಮೇಲೆ ಕೆಂಪು ಹೊಯ್ದ. ನಾಲ್ವರೂ ಮೊಣಕಾಲೂರಿ ಕಪ್ಪೆಗೆ ಅಡ್ಡಬಿದ್ದರು.

ಬಾಯಿ ಶಿಲುಬೆಯ ಗುರುತು ಹಾಕಿಕೊಂಡಳು. ಹಿಂದಕ್ಕೆ ಓಡುವಾಗ ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಬಾವ ಬರಿಗಾಲು ನೋಡಿ ಏನೂ ಕೇಳದೆ ರಿಕ್ಷಾ ತಿರುಗಿಸಿದ.

ಅವಳು ಮನೆಗೆ ಹೋಗಲಿಲ್ಲ. ನೇರ ವಿಗಾರರಾದ ಫಾದರ್ ಬೆನೆಡಿಕ್ಟರ ಬಂಗಲೆಗೆ ಹೋದಳು.

"ಕಣ್ಣಾರೆ ನೋಡಿದ್ದಾ ಬಾಯಿ?"

"ಕಣ್ಣಾರೆ ಫಾದರ್. ಬೊಂಬೆಗೆ ಅಡ್ಡಬಿದ್ರು. ರಕ್ತ ಹೊಯ್ದ್ರು."

"ಯಾವುದರ ರಕ್ತ?"

"ಅದು ಕೇಳ್ಲಿಕ್ಕೆ ನಾನು ನಿಲ್ಲಲಿಲ್ಲ."

ಫಾದರ್ ಗಡ್ಡ ಸವರಿಕೊಂಡರು. ಬೇರೆ ಯಾರಾದರೂ ಹೇಳಿದ್ದರೆ ನಗುತ್ತಿದ್ದರೋ ಏನೋ. ಲೂರ್ಡ್ಸ್ ಬಾಯಿಯ ಹಳೆಯ ಕತೆ ಅವರಿಗೆ ಗೊತ್ತಿತ್ತು. ಅವಳ ವಿಷಯದಲ್ಲಿ ಈ ಚರ್ಚು ಎರಡನೆಯ ಸಲ ಸುಮ್ಮನಿರುವುದು ಅವರಿಗೆ ಬೇಡವಾಗಿತ್ತು. "ದೂರು ಬಂದ ಮೇಲೆ ವಿಚಾರಿಸದೆ ಮೂರನೇ ಚೀಟಿ ಓದ್ಲಿಕ್ಕೆ ಆಗುವುದಿಲ್ಲ. ಸೋಮವಾರ ಹುಡುಗನನ್ನು ಕರೀತೇನೆ" ಎಂದರು. ತನ್ನ ಹೆಸರು ಹೊರಗೆ ಬರಬಾರದು ಎಂದು ಬಾಯಿ ಕೇಳಿಕೊಂಡಳು. ಮೆಟ್ಟಿಲಿಳಿಯುವಾಗ ಅವಳಿಗೆ ಎದೆ ಹಗುರಾಗಿತ್ತು. ತನಗೆ ಯಾರೂ ಮಾಡದ ಉಪಕಾರವನ್ನು ತಾನು ಈ ಮಗುವಿಗೆ ಮಾಡಿದೆ ಎಂದೇ ಅವಳು ನಂಬಿದ್ದಳು.

ಮರುದಿನ ಪೂಜೆಯಲ್ಲಿ ಬೇರೆ ಎರಡು ಜೋಡಿಗಳ ಹೆಸರು ಓದಿದರು. ಆನ್ಸಿ, ವಿಲ್ಸನ್‌ರದ್ದು ಬರಲಿಲ್ಲ. ಫಾದರ್ ಕನ್ನಡಕ ಸರಿಮಾಡಿಕೊಂಡು ಮುಂದಿನ ಪ್ರಕಟಣೆಗೆ ಹೋದರು. ಮುಂದಿನ ಬೆಂಚಿನಿಂದ ಒಂದು ತಲೆ ತಿರುಗಿತು, ಆಮೇಲೆ ಇನ್ನೊಂದು. ಪಕ್ಕದಲ್ಲಿದ್ದ ಆನ್ಸಿ ಪ್ರಾರ್ಥನೆಯ ಪುಸ್ತಕ ಮುಚ್ಚಿದಳು. ಹೊರಗೆ ಅಂಗಳಕ್ಕೆ ಬರುವಷ್ಟರಲ್ಲಿ ಊರು ತನ್ನ ಕೆಲಸ ಮುಗಿಸಿತ್ತು. ಹುಡುಗನಿಗೆ ದುಬೈಯಲ್ಲಿ ಒಬ್ಬಳು ಇದ್ದಾಳಂತೆ. ಅಲ್ಲ, ಹುಡುಗಿಗೇ ಏನೋ ಆಗಿದೆಯಂತೆ. ಮೊದಲೇ ತಂದೆ ಅಂಥವನು, ಎಂದು ಯಾರೋ ಸೇರಿಸಿದರು. ಬಣ್ಣದ ಕೊಡೆ ಹಿಡಿದ ಒಬ್ಬ ಹೆಂಗಸು ಲೂರ್ಡ್ಸ್ ಬಾಯಿಯ ಕೆನ್ನೆ ಸವರಿ, "ನಿನಗೆ ಆದ ಹಾಗೆಯೇ ಆಯ್ತಲ್ಲ ಬಾಯಿ" ಎಂದಳು. ಆಗ ಮೊದಲ ಸಲ ಬಾಯಿಗೆ ತನ್ನ ಮೇಲೆಯೇ ಸಂಶಯ ಬಂತು.

ಮನೆಗೆ ಬಂದ ಆನ್ಸಿ ಅಳಲಿಲ್ಲ. ಕಿವಿಯೋಲೆ ಬಿಚ್ಚಿ ಅಡುಗೆಮನೆಯ ಕಪಾಟಿನ ಮೇಲಿಟ್ಟಳು.

"ಫಾದರ್‌ಗೆ ಯಾರು ಹೇಳಿದ್ದು?"

"ಯಾರೋ ನಿನ್ನ ಒಳ್ಳೆಯದಕ್ಕೇ ಹೇಳಿರ್ಬೇಕು."

"ಮೌಶಿ."

ಬಾಯಿ ಕಟ್ಟೆ ಒಡೆದಂತೆ ಎಲ್ಲವನ್ನೂ ಹೇಳಿದಳು. ಕಾಡಿಗೆ, ಬಸವನಹುಳು, ಹಂಚಿನ ಕಾರ್ಖಾನೆ, ರಕ್ತ, ಕಪ್ಪೆ. "ಮತ್ತೆ ಅಲ್ಲಿ ಒಂದು ಇತ್ತು ಮಗಾ, ಬೇರು ಸುತ್ತಿಕೊಂಡದ್ದು. ಅದು ಮನುಷ್ಯರ ಗಂಟಲಲ್ಲ. ಅದರ ಒಳಗೆ ಸೈತಾನನೇ ಕೂತಿದ್ದ."

"ಅದು ನಾನು" ಎಂದಳು ಆನ್ಸಿ.

ಬಾಯಿಗೆ ಅರ್ಥವಾಗಲಿಲ್ಲ. ಆನ್ಸಿ ಅಡುಗೆಮನೆಯ ನಡುವೆ ಕಾಲು ಅಗಲಿಸಿ ನಿಂತು, ಎಕ್ಸ್‌ರೇಗೆ ರೋಗಿಗಳಿಗೆ ಹೇಳುವ ಹಾಗೆ ಉಸಿರೆಳೆದು, ಹಿಡಿದು, ಬಿಟ್ಟಳು:

"ಬೈಲು ಮುಚ್ಚಿದಿರಿ, ಕಟ್ಟಡ ಎಬ್ಬಿಸಿದಿರಿ,
ಲಿಫ್ಟಿನ ಗುಂಡಿಯಲ್ಲಿ ನಾನಿನ್ನೂ ಇದ್ದೇನೆ!
ಗ್ರೌಂಡ್ ಫ್ಲೋರ್ ಒತ್ತಿರಿ, ಓ ಮನುಷ್ಯರೇ,
ನಿಮಗಾಗಿ ಕಾಯುತ್ತಿದ್ದೇನೆ!"

ಪಾತ್ರೆಯ ಮುಚ್ಚಳ ಗಲಗಲ ಎಂದಿತು. ಕೆಳಮನೆಯ ನಾಯಿ ಬೊಗಳತೊಡಗಿತು. ಲೂರ್ಡ್ಸ್ ಬಾಯಿ ಆ ಮುಚ್ಚಳವನ್ನು ಎರಡೂ ಕೈಯಿಂದ ಅದುಮಿ ಹಿಡಿದಳು.

ಆಮೇಲೆ ಆನ್ಸಿ ತನ್ನ ಮಾಮೂಲಿ ಮೆತ್ತಗಿನ ಸ್ವರದಲ್ಲಿ ವಿವರಿಸಿದಳು. ಬ್ಲ್ಯಾಕ್ ಮೆಟಲ್ ಅಂತ ಒಂದು ಜಾತಿಯ ಸಂಗೀತ ಉಂಟು. ಹೊರದೇಶದವರು ಮುಖಕ್ಕೆ ಹೆಣದ ಬಣ್ಣ ಬಳಿದುಕೊಂಡು ಹಿಮ, ಸಾವು, ಸೈತಾನ ಎಂದು ಕಿರುಚುತ್ತಾರೆ. ಮಂಗಳೂರಿನವರಿಗೆ ಹಿಮ ಎಲ್ಲಿಂದ ಬರಬೇಕು? ನಮಗಿರುವುದು ಕೆಸರು, ಸೊಳ್ಳೆ, ಜಿಗಣೆ. ಅದಕ್ಕೇ ಬ್ಯಾಂಡಿನ ಹೆಸರು "ಕೊಚ್ಚೆ". ಡ್ರಮ್ ಬಡಿಯುವ ಹಿತೇಶ್ ಕೇಟರಿಂಗಿನವನು, ನೀಲಿ ಡ್ರಮ್ಮು ಅವನ ಅಂಗಡಿಯದ್ದು. ಜಡೆಯ ಪ್ರಾಪ್ತಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಬೈಲು ಮುಚ್ಚಿ ಕಟ್ಟಿದ ಅಪಾರ್ಟ್‌ಮೆಂಟುಗಳ ಲಿಫ್ಟಿನ ಗುಂಡಿಗೆ ಮಳೆಗಾಲದಲ್ಲಿ ಕಪ್ಪೆಗಳು ಬರುತ್ತವೆ, ವಿಲ್ಸನ್ ಅವನ್ನು ಗೋಣಿಯಲ್ಲಿ ಕೊಂಡುಹೋಗಿ ಕೂಳೂರಿನ ಜೌಗಿನಲ್ಲಿ ಬಿಡುತ್ತಾನೆ. ಹಾಡು ಹುಟ್ಟಿದ್ದು ಅಲ್ಲಿಂದ. ಜನ ನಗಲಿ ಅಂತಲೇ ಮಾಡುವುದು.

"ಆ ಕೆಂಪು?"

"ಪುನರ್ಪುಳಿ ಶರಬತ್ತು."

"ಮತ್ತೆ ಮೊಣಕಾಲೂರಿದ್ದು?"

"ಜೌಗಿನಲ್ಲಿ ನಿಂತ್ರೆ ಕಾಲು ಹುಗಿದು ಹೋಗ್ತದೆ ಮೌಶಿ."

ನಗು ಬರಬೇಕಾದ ಮಾತೇ. ಇಬ್ಬರಿಗೂ ಬರಲಿಲ್ಲ. "ನನ್ನ ಹತ್ರ ಹೇಳಿದ್ರೆ ಎಂತ ಆಗ್ತಿತ್ತು?" ಎಂದು ಬಾಯಿ ಕೇಳಿದಳು.

"ಹೇಳಿದ್ರೆ ಅಲ್ಲಿಗೆ ಮುಗೀತದಾ? ಯಾರ ಜೊತೆ, ಯಾಕೆ, ಸುಳ್ಳಲ್ಲ ತಾನೇ, ಬಟ್ಟೆ ಮೂಸುವುದು, ಫೋನ್ ನೋಡುವುದು. ಈ ಮನೆಯಲ್ಲಿ ನಾನು ಒಂದು ಸಲ ಜೋರಾಗಿ ಉಸಿರು ಬಿಟ್ರೂ ನಿನಗೆ ಕಾರಣ ಹೇಳ್ಬೇಕು. ಅಲ್ಲಿ ಕೆಸರಿನಲ್ಲಿ ನಿಂತು ಕಿರುಚಿದ್ರೆ ಯಾರೂ ಎಂತದೂ ಕೇಳುವುದಿಲ್ಲ." ಆನ್ಸಿ ಕಿವಿಯೋಲೆಗಳನ್ನು ಎತ್ತಿಕೊಂಡಳು. "ವಿಲ್ಸನ್ನನ ಅಮ್ಮ ಈಗ ಈ ಮನೆತನ ಬೇಡ ಅಂತ ಕೂತಿದ್ದಾರೆ. ಇನ್ನೊಂದು ಸಲ ನೀನು ಅಡ್ಡ ಬಂದ್ರೆ ಮದುವೆ ಮುರೀತದೆ. ಆಗ ನನಗೆ ಈ ಮನೆಯೂ ಬೇಡ."

ಸೋಮವಾರ ವಿಲ್ಸನ್ ಫಾದರ್ ಬೆನೆಡಿಕ್ಟರಿಗೆ ಕೂಳೂರಿನಲ್ಲಿ ಚಿತ್ರೀಕರಿಸಿದ ವಿಡಿಯೋ ತೋರಿಸಿದ. ಫಾದರ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕಪ್ಪೆಯ ವಿಷಯದಲ್ಲಿ ಚರ್ಚಿನ ನಿಯಮದಲ್ಲಿ ಏನೂ ಇಲ್ಲ, ಬರುವ ಭಾನುವಾರ ಓದುತ್ತೇನೆ ಎಂದು ಬಾಯಿಗೆ ಹೇಳಿ ಕಳಿಸಿದರು. ಆದರೆ ದೂರು ಕೊಟ್ಟವರು ಯಾರೆಂಬುದು ಅಷ್ಟರೊಳಗೆ ಊರಿಗೆಲ್ಲ ಗೊತ್ತಾಗಿತ್ತು. ವಿಗಾರರ ಅಡುಗೆಯವಳಿಗೂ ಕಿವಿ ಇರುತ್ತದಲ್ಲ.

ವಾರದ ಮಧ್ಯದಲ್ಲಿ ಬಾಯಿ ಮಣ್ಣಗುಡ್ಡಕ್ಕೆ ಹೋದಳು. ವಿಲ್ಸನ್ ಅಲ್ಲೇ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನ ಗುಂಡಿಯೊಳಗೆ ಇಳಿದು ಕೆಲಸ ಮಾಡುತ್ತಿದ್ದ. ಮೇಲಿನಿಂದ ಅವನ ತಲೆಕೂದಲು ಮಾತ್ರ ಕಾಣಿಸುತ್ತಿತ್ತು.

"ವಿಲ್ಸನ್. ನಾನು."

"ಬನ್ನಿ ಮೌಶಿ. ಇದು ಸ್ವಲ್ಪ ಹಿಡ್ಕೊಳ್ಳಿ." ಒಂದು ಬಿಸ್ಕತ್ತಿನ ಡಬ್ಬಿ ಮೇಲೆ ಬಂತು. ಒಳಗೆ ಏನೋ ಧಪ್ ಎಂದು ಹಾರಿತು. ಬಾಯಿ ಡಬ್ಬಿಯನ್ನು ಮೈಯಿಂದ ದೂರ ಹಿಡಿದುಕೊಂಡಳು. ಕ್ಷಮಿಸು ಎನ್ನಲು ಬಂದಿದ್ದಳು. ನಾಲಿಗೆಗೆ ಅಭ್ಯಾಸವಿಲ್ಲದ ಮಾತು, ಹೊರಡಲಿಲ್ಲ.

"ನನಗೆ ಕೋಪ ಇಲ್ಲ" ಎಂದಿತು ಗುಂಡಿಯೊಳಗಿನ ಸ್ವರ. "ಆನ್ಸಿ ನಿಮ್ಮ ಮದುವೆಯ ವಿಷಯ ಹೇಳಿದ್ದಾಳೆ. ನಿಮಗೆ ಎಂತ ಕೇಳ್ಲಿಕ್ಕುಂಟು, ಈಗ ಕೇಳಿ. ಎಲ್ಲದಕ್ಕೂ ಹೇಳ್ತೇನೆ."

ಹುಡುಗಿಯರನ್ನು ಒಂದೊಂದು ತಾಸು ನಿಲ್ಲಿಸಿ ಪ್ರಶ್ನಿಸಿದ ಲೂರ್ಡ್ಸ್ ಬಾಯಿಗೆ ಆ ಹೊತ್ತು ಸಿಕ್ಕಿದ್ದು ಒಂದೇ ಪ್ರಶ್ನೆ.

"ನಿನಗೆ ಬೇರೆ ಯಾರಾದರೂ ಇದ್ದಾರಾ?"

"ಇಲ್ಲ ಮೌಶಿ."

ತಕ್ಷಣ ಬಂತು ಉತ್ತರ. ಸುಳ್ಳು ಹೇಳುವವರ ಕಣ್ಣು ಎಲ್ಲಿಗೆ ಹೋಗುತ್ತದೆ, ಗಂಟಲು ಹೇಗೆ ಆಡುತ್ತದೆ, ಎಲ್ಲ ಬಲ್ಲವಳು ಅವಳು. ಬಗ್ಗಿ ನೋಡಿದಳು. ಕತ್ತಲೆ, ಕೂದಲು, ಸ್ಪ್ಯಾನರಿನ ಸದ್ದು. ಮುಖ ಮೇಲೆತ್ತು ಎನ್ನಲು ಬಾಯಿ ತೆರೆದಳು. ಎತ್ತು ಎಂದರೆ ಅವನು ಎತ್ತುತ್ತಿದ್ದ. ಆದರೆ ಹಾಗೆ ನೋಡಿ ಖಾತ್ರಿಮಾಡಿಕೊಂಡರೆ ಮತ್ತೆ ನಾಳೆಯೂ ನೋಡಬೇಕಾಗುತ್ತದೆ, ನಾಡಿದ್ದೂ ನೋಡಬೇಕಾಗುತ್ತದೆ ಎಂದು ಅವಳಿಗೆ ಆ ಕ್ಷಣ ಹೊಳೆಯಿತು. ಅವಳಿಗೆ ತುಂಬ ದಣಿವಾಗಿತ್ತು. "ಸರಿ" ಎಂದಳು. ಜೀವಮಾನದಲ್ಲಿ ಪರೀಕ್ಷಿಸದೆ ತೆಗೆದುಕೊಂಡ ಮೊದಲ ಸಾಮಾನು ಅದು.

ಭಾನುವಾರ ಚರ್ಚು ತುಂಬಿತ್ತು. ಯಾವತ್ತೂ ತಡವಾಗಿ ಬರುವವರೂ ಬೇಗ ಬಂದಿದ್ದರು. ಆನ್ಸಿ ಅವಳ ಪಕ್ಕದಲ್ಲಿ ಕೂರಲಿಲ್ಲ. ಫಾದರ್ ಹೇಳಿದ ಮೇಲೆ ಸಮಾಧಾನಗೊಂಡ ವಿಲ್ಸನ್ನನ ತಾಯಿಯ ಜೊತೆಗೆ ಎಡಬದಿಯ ಸಾಲಿನಲ್ಲಿ ಕೂತಿದ್ದಳು. ಫಾದರ್ ಬೆನೆಡಿಕ್ಟ್ ಇಬ್ಬರ ಹೆಸರನ್ನೂ ಸ್ಪಷ್ಟವಾಗಿ, ಸ್ವಲ್ಪ ನಿಧಾನವಾಗಿ ಓದಿದರು. ಈ ವಿವಾಹಕ್ಕೆ ಅಡ್ಡಿಯಿರುವುದು ಯಾರಿಗಾದರೂ ತಿಳಿದಿದ್ದರೆ ಬಂದು ಹೇಳಬೇಕು ಎಂದು ವಾಕ್ಯ ಮುಗಿಸಿ, ಕೆಮ್ಮು ಬಂದು ನಿಂತರು.

ಆ ಕೆಮ್ಮಿನ ಹೊತ್ತಿನಲ್ಲಿ ಇಡೀ ಚರ್ಚು ಲೂರ್ಡ್ಸ್ ಬಾಯಿಯ ಕಡೆಗೆ ತಿರುಗಿತು. ಏಳುತ್ತಾಳೆಂದು ಕೆಲವರಿಗೆ ಭಯ, ಕೆಲವರಿಗೆ ಆಸೆ. ಅವಳು ಬಲಿಪೀಠದ ಕಡೆಗೇ ನೋಡುತ್ತ ಕೂತಳು. ಅವಳಿಗೆ ಗೊತ್ತಿದ್ದದ್ದು ಏನು? ಗುಂಡಿಯೊಳಗಿಂದ ಬಂದ ಒಂದು ಮಾತು, ಅಷ್ಟೇ. ತನ್ನ ಮದುವೆಯ ದಿನಗಳಲ್ಲಿ ಹೀಗೆಯೇ ಸುಮ್ಮನೆ ಕೂತವರನ್ನು ಅವಳು ಇಷ್ಟು ವರ್ಷ ಶಪಿಸಿದ್ದಳು. ಇವತ್ತು ತನ್ನದು ನಂಬಿಕೆಯೋ, ಅವರದ್ದೇ ತರಹದ ಹೇಡಿತನವೋ, ಅವಳಿಗೇ ತಿಳಿಯಲಿಲ್ಲ. ಹೆದರಿಕೆಯಾಯಿತು. ಧೈರ್ಯಕ್ಕೆ ಆನ್ಸಿಯ ಮುಖ ಹುಡುಕಿ ಎಡಕ್ಕೆ ತಿರುಗಿದಳು.

ಆನ್ಸಿ ಅವಳನ್ನೇ ನೋಡುತ್ತಿದ್ದಳು. ಕಣ್ಣು ಸಣ್ಣದು ಮಾಡಿ, ತುಟಿ ಬಿಗಿದು, ಮೌಶಿಯ ಕೈ ಎಲ್ಲಿದೆ, ಕಾಲು ಎಲ್ಲಿದೆ, ಏಳಲು ಹೊರಟಿದ್ದಾಳೋ ಎಂದು ತೂಗಿ ನೋಡುವ ನೋಟ. ಅಂಥ ನೋಟವನ್ನು ಆ ಮಗುವಿಗೆ ಬೇರೆ ಯಾರೂ ಕಲಿಸಿರಲಿಲ್ಲ. ಲೂರ್ಡ್ಸ್ ಬಾಯಿ ಎರಡೂ ಕೈಗಳನ್ನು ಅವಳಿಗೆ ಕಾಣುವ ಹಾಗೆ ಮಡಿಲಲ್ಲಿಟ್ಟುಕೊಂಡಳು.

ಫಾದರ್ ಗಂಟಲು ಸರಿಮಾಡಿಕೊಂಡು ಮುಂದಿನ ಪ್ರಕಟಣೆ ಓದತೊಡಗಿದರು. ತಲೆಗಳು ಒಂದೊಂದಾಗಿ ಮುಂದಕ್ಕೆ ತಿರುಗಿದವು. ಆನ್ಸಿಯದ್ದು ತಿರುಗಲಿಲ್ಲ.